ಆಲ್ ಇಂಡಿಯಾ ಪರ್ಮಿಟ್ ಇದ್ದ ಮೇಲೂ ಗಡಿಯಲ್ಲಿ ಟ್ಯಾಕ್ಸ್ ಯಾಕೆ? ಕಾಸರಗೋಡಿನ ದಿಬ್ಬಣದ ಬಸ್ಸಿನ ಲೆಕ್ಕ

2025ರ ನವೆಂಬರಿನಲ್ಲಿ ತಮಿಳುನಾಡಿನ ಓಮ್ನಿ ಬಸ್ಸಿನವರು (ದೂರದ ಊರುಗಳಿಗೆ ಓಡುವ ಖಾಸಗಿ ಬಸ್ಸುಗಳಿಗೆ ಅಲ್ಲಿ ಹೇಳುವ ಹೆಸರು) ಕೇರಳಕ್ಕೂ ಕರ್ನಾಟಕಕ್ಕೂ ಬಸ್ಸು ಬಿಡುವುದನ್ನು ನಿಲ್ಲಿಸಿದರು. ಅದೇ ಹೊತ್ತಿಗೆ ಕೇರಳದ ಟೂರಿಸ್ಟ್ ಬಸ್ಸಿನ ಮಾಲಕರೂ ತಮಿಳುನಾಡಿಗೆ ನಾವು ಬರುವುದಿಲ್ಲ ಎಂದರು. ಗಡಿ ದಾಟಿದ ಬಸ್ಸುಗಳನ್ನು ಹಿಡಿದು ರಸ್ತೆ ತೆರಿಗೆ ಕಟ್ಟಿಲ್ಲ ಎಂದು ಲಕ್ಷಗಟ್ಟಲೆ ದಂಡ ಹಾಕಿದ್ದೇ ಇದಕ್ಕೆ ಕಾರಣ. ಬಸ್ಸಿನವರ ಪ್ರಶ್ನೆ ಸರಳವಾಗಿತ್ತು. ಇಡೀ ದೇಶಕ್ಕೆ ಪರ್ಮಿಟ್ ಕೊಟ್ಟು ಹಣ ತಗೊಂಡ ಮೇಲೆ ರಾಜ್ಯದ ಬಾಗಿಲಲ್ಲಿ ಮತ್ತೆ ಯಾಕೆ ಕೇಳುತ್ತೀರಿ?

ಇದು ಚೆನ್ನೈ, ಕೊಚ್ಚಿ, ಬೆಂಗಳೂರಿನ ರಾತ್ರಿ ಬಸ್ಸುಗಳ ಜಗಳ, ನಮಗೇನು ಎಂದು ಕಾಸರಗೋಡಿನವರಿಗೆ ಅನಿಸಬಹುದು. ಆದರೆ ಬದಿಯಡ್ಕದಿಂದ ಧರ್ಮಸ್ಥಳಕ್ಕೆ ಹೊರಡುವ ಭಜನಾ ಮಂಡಳಿಯ ಮಿನಿ ಬಸ್ಸಿಗೂ, ಪೈವಳಿಕೆಯಿಂದ ಬಂಟ್ವಾಳಕ್ಕೆ ಹೋಗುವ ದಿಬ್ಬಣದ ಬಸ್ಸಿಗೂ ಇರುವುದು ಇದೇ ಕಾನೂನು. "ಬಾಡಿಗೆ ಇಷ್ಟು, ಟ್ಯಾಕ್ಸ್ ಬೇರೆ" ಎಂದು ಬಸ್ಸಿನವರು ಹೇಳುವಾಗ ಆ ಟ್ಯಾಕ್ಸ್ ಯಾವುದು, ನಿಜವಾಗಿ ಕಟ್ಟಲೇಬೇಕಾ, ಕಟ್ಟದಿದ್ದರೆ ಯಾರ ತಲೆಗೆ ಬರುತ್ತದೆ? ಒಂದೊಂದಾಗಿ ನೋಡೋಣ.

ಬಸ್ಸು ಒಂದೇ ಥರ ಕಂಡರೂ ಪರ್ಮಿಟ್ ಬೇರೆ

1988ರ ಮೋಟಾರು ವಾಹನ ಕಾಯಿದೆ ಬಾಡಿಗೆಗೆ ಜನ ಒಯ್ಯುವ ಬಸ್ಸುಗಳನ್ನು ಮುಖ್ಯವಾಗಿ ಎರಡು ಗುಂಪು ಮಾಡುತ್ತದೆ. ದಾರಿಯುದ್ದಕ್ಕೂ ಜನ ಹತ್ತಿಸಿ, ಇಳಿಸಿ, ತಲೆಗಿಷ್ಟು ಎಂದು ಟಿಕೆಟ್ ಕೊಡುವುದು ಸ್ಟೇಜ್ ಕ್ಯಾರೇಜ್. ನಾವು ಲೈನ್ ಬಸ್ ಎನ್ನುವುದು ಇದನ್ನೇ. ಇಡೀ ಬಸ್ಸನ್ನು ಒಬ್ಬರು ಅಥವಾ ಒಂದು ಗುಂಪು ಒಪ್ಪಂದ ಮಾಡಿಕೊಂಡು ಬಾಡಿಗೆಗೆ ತಗೊಂಡರೆ ಅದು ಕಾಂಟ್ರಾಕ್ಟ್ ಕ್ಯಾರೇಜ್. ಇದರಲ್ಲಿ ಒಪ್ಪಂದದ ಹೊರಗಿನವರನ್ನು ದಾರಿಯಲ್ಲಿ ಹತ್ತಿಸುವಂತಿಲ್ಲ. ಟೆಂಪೋ ಟ್ರಾವೆಲರ್, ಮಿನಿ ಬಸ್, ದೊಡ್ಡ ಟೂರಿಸ್ಟ್ ಬಸ್ಸು ಎಲ್ಲವೂ ಈ ಎರಡನೆಯ ಗುಂಪಿನವು.

ಕಾಂಟ್ರಾಕ್ಟ್ ಕ್ಯಾರೇಜ್ ಪರ್ಮಿಟ್ ಸಾಮಾನ್ಯವಾಗಿ ಅದನ್ನು ಕೊಟ್ಟ ರಾಜ್ಯದೊಳಗೆ ಮಾತ್ರ ನಡೆಯುತ್ತದೆ. ಗಡಿ ದಾಟಲು ಎರಡು ದಾರಿಗಳಿವೆ. ಆ ಒಂದು ಪ್ರಯಾಣಕ್ಕೆ ಮಾತ್ರ ಸ್ಪೆಷಲ್ ಪರ್ಮಿಟ್ ಮಾಡಿಸಬಹುದು. ಇದು ಕಾಯಿದೆಯ 88ನೇ ಸೆಕ್ಷನ್ನಿನ 8ನೇ ಉಪವಿಭಾಗದಲ್ಲಿದೆ. ಇಲ್ಲವೇ ಅದರ ಮರುಸಾಲಿನಲ್ಲೇ ಇರುವ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ತಗೊಳ್ಳಬಹುದು.

ಈ ಎರಡನೆಯದನ್ನು ಕೇಂದ್ರ ಸರ್ಕಾರ 2021ರ ಏಪ್ರಿಲ್‌ನಿಂದ ಆನ್‌ಲೈನ್ ಮಾಡಿತು. 2023ರಲ್ಲಿ ನಿಯಮಗಳನ್ನು ಮತ್ತೊಮ್ಮೆ ಬರೆಯಿತು. ಶುಲ್ಕ ಸೀಟಿನ ಮೇಲೆ ನಿಂತಿದೆ. 23 ಅಥವಾ ಅದಕ್ಕಿಂತ ಜಾಸ್ತಿ ಸೀಟಿನ ಎಸಿ ಬಸ್ಸಿಗೆ ವರ್ಷಕ್ಕೆ 3 ಲಕ್ಷ ರೂಪಾಯಿ. ವರ್ಷವಿಡೀ ರಾಜ್ಯ ರಾಜ್ಯ ಸುತ್ತುವ ಬಸ್ಸಿಗೆ ಇದು ಲಾಭ. ತಿಂಗಳಿಗೆ ನಾಲ್ಕು ಮದುವೆ, ಎರಡು ಧರ್ಮಸ್ಥಳ ಟ್ರಿಪ್ ನಂಬಿ ಬದುಕುವ ಹಳ್ಳಿಯ ಮಿನಿ ಬಸ್ಸಿನವರಿಗೆ ಈ ಶುಲ್ಕ ಭಾರವೇ. ಹಾಗಾಗಿ ಉಪ್ಪಳ, ಕುಂಬಳೆ ಕಡೆ ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಬಿಳಿ ಬಸ್ಸುಗಳೆಲ್ಲ ಹೊರಗಿನಿಂದ ಒಂದೇ ಥರ ಕಂಡರೂ ಯಾವುದರ ಹತ್ತಿರ ಯಾವ ಪರ್ಮಿಟ್ ಇದೆ ಎನ್ನುವುದು ಕೇಳಿದರೇ ಗೊತ್ತಾಗುವುದು.

ಪರ್ಮಿಟ್ ದಿಲ್ಲಿಯದು, ಟ್ಯಾಕ್ಸ್ ರಾಜ್ಯದ್ದು

ಎಲ್ಲ ಗೊಂದಲದ ಬೇರು ಇಲ್ಲಿದೆ. ಸಂವಿಧಾನದಲ್ಲಿ ವಾಹನಗಳ ಮೇಲಿನ ತೆರಿಗೆ ರಾಜ್ಯಪಟ್ಟಿಯ 57ನೇ ವಿಷಯ. ಅಂದರೆ ಅದನ್ನು ಹಾಕುವ ಅಧಿಕಾರ ರಾಜ್ಯದ್ದು. ವಾಹನಗಳ ನಿಯಂತ್ರಣ ಮತ್ತು ಆ ತೆರಿಗೆ ಯಾವ ತತ್ವದ ಮೇಲೆ ಇರಬೇಕು ಎನ್ನುವುದು ಸಮವರ್ತಿ ಪಟ್ಟಿಯ 35ನೇ ವಿಷಯ. ಅದರಲ್ಲಿ ಕೇಂದ್ರಕ್ಕೂ ಮಾತಿದೆ. ಬಸ್ಸು ಎಲ್ಲಿಗೆ ಹೋಗಬಹುದು ಎಂದು ಒಬ್ಬರು ಹೇಳುತ್ತಾರೆ, ಹೋಗುವುದಕ್ಕೆ ಎಷ್ಟು ಕಟ್ಟಬೇಕು ಎಂದು ಇನ್ನೊಬ್ಬರು ಹೇಳುತ್ತಾರೆ.

ಆಲ್ ಇಂಡಿಯಾ ಪರ್ಮಿಟ್ ಬಂದಾಗ ಮಾಲಕರು ಅರ್ಥಮಾಡಿಕೊಂಡಿದ್ದು ಹೀಗೆ: ಒಂದೇ ಕಡೆ ದೊಡ್ಡ ಮೊತ್ತ ಕಟ್ಟುತ್ತೇವೆ, ಅದನ್ನು ರಾಜ್ಯಗಳು ಹಂಚಿಕೊಳ್ಳುತ್ತವೆ, ಗಡಿಯಲ್ಲಿ ನಿಲ್ಲುವ ಕಾಟ ತಪ್ಪಿತು. ರಾಜ್ಯಗಳು ಹೇಳುವುದೇ ಬೇರೆ. ನೀವು ಕಟ್ಟಿದ್ದು ಪರ್ಮಿಟ್ ಶುಲ್ಕ, ನಮ್ಮ ರಸ್ತೆ ತೆರಿಗೆ ಕಾಯಿದೆ ಹಾಗೇ ಇದೆ, ಅದನ್ನು ಕೇಂದ್ರದ ಒಂದು ನಿಯಮಾವಳಿ ಅಳಿಸಿಹಾಕಲು ಆಗುವುದಿಲ್ಲ. ಕೇರಳ, ತಮಿಳುನಾಡು, ಕರ್ನಾಟಕ ಮೂರೂ ಈ ವಾದವನ್ನು ಬಿಟ್ಟುಕೊಟ್ಟಿಲ್ಲ. ಕೋರ್ಟುಗಳಲ್ಲಿ ಕೇಸು ನಡೆದರೂ ಚೆಕ್‌ಪೋಸ್ಟಿನಲ್ಲಿ ನಿಂತ ಅಧಿಕಾರಿ ತನ್ನ ರಾಜ್ಯದ ಕಾಯಿದೆಯನ್ನೇ ನೋಡುತ್ತಾರೆ.

ರಾಜ್ಯಗಳ ಸಿಟ್ಟಿಗೆ ಇನ್ನೊಂದು ಕಾರಣವಿದೆ, ಅದು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನಾಗಾಲ್ಯಾಂಡ್, ಅರುಣಾಚಲದಂಥ ಕಡೆ ತೆರಿಗೆ ಕಮ್ಮಿ. ಅಲ್ಲಿ ನೋಂದಣಿ ಮಾಡಿಸಿ, ಆಲ್ ಇಂಡಿಯಾ ಪರ್ಮಿಟ್ ಹಿಡಿದು, ಆ ರಾಜ್ಯದ ಮಣ್ಣನ್ನೇ ನೋಡದೆ ದಕ್ಷಿಣದಲ್ಲೇ ವರ್ಷವಿಡೀ ಓಡುವ ಬಸ್ಸುಗಳು ತುಂಬ ಇವೆ. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಅಲ್ಲಿಯ ನಂಬರ್ ಹಾಕಿಸಬೇಕು ಎಂದು ಕಾಯಿದೆ ಹೇಳುತ್ತದೆ. ಕೇಳುವವರು ಯಾರು? 2022ರ ನವೆಂಬರಿನಿಂದ ಕೇರಳ ಇಂಥ ಬಸ್ಸುಗಳಿಂದ ತನ್ನ ತೆರಿಗೆ ಕೇಳಲು ಶುರುಮಾಡಿದ್ದು ಈ ಹಿನ್ನೆಲೆಯಲ್ಲೇ. 2025ರ ಅಕ್ಟೋಬರ್ 24ರಂದು ಕರ್ನೂಲಿನ ಹತ್ತಿರ ಹೈದರಾಬಾದ್–ಬೆಂಗಳೂರು ಸ್ಲೀಪರ್ ಬಸ್ಸು ಹೊತ್ತಿ ಉರಿಯಿತು. ಆ ಬಸ್ಸಿನ ನೋಂದಣಿಯೂ ದೂರದ ಊರಿನದೇ. ಅದಾದ ಮೇಲೆ ಎಲ್ಲ ರಾಜ್ಯಗಳ ತಪಾಸಣೆ ಬಿಗಿಯಾಯಿತು, ನವೆಂಬರಿನ ದಂಡಗಳು ಬಂದವು, ಬಸ್ಸುಗಳು ನಿಂತವು.

ಇದಕ್ಕೆ ಸರ್ಕಾರಿ ಬಸ್ಸುಗಳ ಚಿಂತೆಯನ್ನೂ ಸೇರಿಸಬೇಕು. 2023ರಲ್ಲಿ ಪತ್ತನಂತಿಟ್ಟದಿಂದ ಕೊಯಮತ್ತೂರಿಗೆ ಓಡಿದ ರಾಬಿನ್ ಎಂಬ ಬಸ್ಸಿನ ವಿಷಯ ನೆನಪಿರಬಹುದು. ಹೊಸ ನಿಯಮದ ಪ್ರಕಾರ ಟೂರಿಸ್ಟ್ ಪರ್ಮಿಟ್ ಇದ್ದರೆ ದಾರಿಯಲ್ಲಿ ಜನ ಹತ್ತಿಸಬಹುದು ಎಂದು ಅದರ ಮಾಲಕರ ವಾದ. ಹಾಗಾದರೆ ಲೈನ್ ಬಸ್ಸಿಗೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇರಳದ ಮೋಟಾರು ವಾಹನ ಇಲಾಖೆ ಆ ಬಸ್ಸನ್ನು ಮತ್ತೆ ಮತ್ತೆ ತಡೆಯಿತು. ಕೆಎಸ್ಸಾರ್ಟಿಸಿಯ ಹೊಟ್ಟೆಗೆ ಹೊಡೆಯುವ ವಿಷಯ ಅದು. (ನಮ್ಮಲ್ಲಿ ಕೆಎಸ್ಸಾರ್ಟಿಸಿ ಅಂದರೆ ಯಾವ ರಾಜ್ಯದ್ದು ಎಂದು ಬೇರೆ ಕೇಳಬೇಕು. ಇದು ಕೇರಳದ್ದು.)

ಗಡಿಯ ಊರಿಗೆ ಪೆಟ್ಟು ಜಾಸ್ತಿ

ಇಷ್ಟರವರೆಗೆ ಎರಡೂ ಕಡೆಯ ವಾದದಲ್ಲಿ ಹುರುಳಿದೆ. ಆದರೆ ಇಬ್ಬರೂ ಕಣ್ಣ ಮುಂದೆ ಇಟ್ಟುಕೊಂಡಿರುವುದು ದೂರ ಓಡುವ ಬಸ್ಸನ್ನು. ಗಡಿಯಿಂದ ಹತ್ತಿಪ್ಪತ್ತು ಕಿಲೋಮೀಟರಿನ ಊರುಗಳ ಬದುಕು ಈ ಲೆಕ್ಕದಲ್ಲಿ ಬರುವುದೇ ಇಲ್ಲ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತಿರುವನಂತಪುರಕ್ಕೆ 550ಕ್ಕೂ ಜಾಸ್ತಿ. ಮಂಜೇಶ್ವರದ ಮನೆಯ ಮಗಳನ್ನು ಕೊಡುವುದು ವಿಟ್ಲಕ್ಕೆ, ಪುತ್ತೂರಿಗೆ, ಸುಳ್ಯಕ್ಕೆ. ಹರಕೆ ಧರ್ಮಸ್ಥಳಕ್ಕೆ, ಸುಬ್ರಹ್ಮಣ್ಯಕ್ಕೆ, ಕಟೀಲಿಗೆ. ಕನ್ನಡ ಶಾಲೆಯ ಮಕ್ಕಳ ಪ್ರವಾಸ ಮೈಸೂರಿಗೆ, ಮಡಿಕೇರಿಗೆ. ಗುಂಪು ಕಟ್ಟಿಕೊಂಡು ಹೊರಟರೆ ಹೆಚ್ಚಿನ ಸಲ ಗಡಿ ದಾಟಲೇಬೇಕು. ತಲಪಾಡಿ, ಪೆರ್ಲದ ಆಚೆಯ ಸಾರಡ್ಕ, ಆದೂರಿನ ಆಚೆಯ ಜಾಲ್ಸೂರು, ಪಾಣತ್ತೂರಿನ ಆಚೆಯ ಕರಿಕೆ, ಇವೇ ಬಾಗಿಲುಗಳು.

ಹೊರ ರಾಜ್ಯದ ಬಾಡಿಗೆ ಬಸ್ಸಿನ ಟ್ಯಾಕ್ಸ್ ಸೀಟಿನ ಲೆಕ್ಕದಲ್ಲಿ, ದಿನಗಳ ಹಂತದಲ್ಲಿ ಬೀಳುತ್ತದೆ. ಎಷ್ಟು ಕಿಲೋಮೀಟರ್ ಓಡಿತು ಎಂದು ಯಾರೂ ಕೇಳುವುದಿಲ್ಲ. ಇದರ ಪರಿಣಾಮ ತಿಳಿಯಲು ಒಂದು ಕಲ್ಪಿತ ಮೊತ್ತ ಇಟ್ಟುಕೊಳ್ಳೋಣ. ಗಡಿ ಟ್ಯಾಕ್ಸ್ 6,000 ರೂಪಾಯಿ ಎನ್ನಿ. 600 ಕಿಲೋಮೀಟರಿನ ಪ್ರವಾಸಕ್ಕೆ ಅದು ಕಿಲೋಮೀಟರಿಗೆ 10 ರೂಪಾಯಿ. ಬಂಟ್ವಾಳಕ್ಕೆ ಹೋಗಿ ಊಟ ಮಾಡಿ ಸಂಜೆಗೆ ವಾಪಸು ಬರುವ 60 ಕಿಲೋಮೀಟರಿನ ದಿಬ್ಬಣಕ್ಕೆ ಕಿಲೋಮೀಟರಿಗೆ 100 ರೂಪಾಯಿ! ಡೀಸೆಲ್ಲಿಗಿಂತ ಟ್ಯಾಕ್ಸೇ ಜಾಸ್ತಿ. ಮೈಸೂರು ದಸರಾಕ್ಕೆ ಮೂರು ದಿನ ಹೋಗುವವರು ಹಂಚಿಕೊಂಡು ಕಟ್ಟುವ ಮೊತ್ತವನ್ನು ಪಕ್ಕದ ತಾಲೂಕಿನ ಮದುವೆಗೆ ಹೋಗುವವರು ಅರ್ಧ ದಿನಕ್ಕೆ ಕಟ್ಟಬೇಕು.

ಆ ಕಡೆಯವರಿಗೂ ಹೀಗೇ. ಪುತ್ತೂರು ತಾಲೂಕಿನಿಂದ ಕೊಡಗಿನ ಕರಿಕೆಗೆ ಹೋಗುವವರಿಗೆ ಹತ್ತಿರದ ದಾರಿ ಪಾಣತ್ತೂರಿನ ಮೇಲೆ, ಅಂದರೆ ಕೇರಳದೊಳಗಿನಿಂದ. ಹೊರಡುವುದು ಕರ್ನಾಟಕ, ಸೇರುವುದು ಕರ್ನಾಟಕ, ನಡುವೆ ಇನ್ನೊಂದು ರಾಜ್ಯದ ತೆರಿಗೆ.

ಬಾಡಿಗೆಯ ಒಳಗೇನಿದೆ

"ಹೋದ ವರ್ಷ ಇಷ್ಟು ಕೊಟ್ಟಿದ್ದೆವು, ಈ ವರ್ಷ ಯಾಕೆ ಇಷ್ಟು?" ಎಂದು ಚೌಕಾಸಿ ಮಾಡುವ ಮೊದಲು ಮಾಲಕರ ಲೆಕ್ಕವನ್ನೂ ನೋಡಬೇಕು. ಬ್ಯಾಂಕಿನ ಕಂತು, ಇನ್ಶೂರೆನ್ಸ್, ಮೂರು ತಿಂಗಳಿಗೊಮ್ಮೆ ರಾಜ್ಯದ ತೆರಿಗೆ, ಫಿಟ್‌ನೆಸ್, ಪರ್ಮಿಟ್, ಜಿಪಿಎಸ್ ಇವು ಬಸ್ಸು ಶೆಡ್ಡಿನಲ್ಲಿ ನಿಂತರೂ ಬರುವ ಖರ್ಚು. ಡೀಸೆಲ್, ಟಯರು, ಟೋಲ್, ಡ್ರೈವರಿನ ಬಾಟಾ ಓಡಿದಾಗ ಬರುವ ಖರ್ಚು. ನಮ್ಮ ಕಡೆ ಬಾಡಿಗೆ ಸಿಗುವ ದಿನಗಳು ಕೆಲವೇ. ನವೆಂಬರಿನಿಂದ ಜನವರಿಯವರೆಗೆ ಶಬರಿಮಲೆ ಮತ್ತು ಶಾಲಾ ಪ್ರವಾಸ, ಆಮೇಲೆ ಬೇಸಿಗೆಯ ಮದುವೆಗಳು. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಮಳೆಗೆ ಪ್ರವಾಸವೂ ಇಲ್ಲ. ಕೇರಳದಲ್ಲಿ ಬಸ್ಸು ಓಡಿಸುವುದಿಲ್ಲ ಎಂದು ಮೊದಲೇ ಜಿ ಫಾರ್ಮ್ ಕೊಟ್ಟರೆ ಆ ಅವಧಿಯ ತೆರಿಗೆಗೆ ವಿನಾಯಿತಿ ಕೇಳಬಹುದು. ಹಾಗೆ ನಿಲ್ಲಿಸಿದ ಬಸ್ಸನ್ನು ನಡುವೆ ಒಂದು ಮದುವೆಗೆ ತೆಗೆಯುವಂತಿಲ್ಲ. ಮಳೆಗಾಲದಲ್ಲಿ ಬಸ್ಸು ಸಿಗದೇ ಇರುವುದಕ್ಕೆ ಇದೂ ಒಂದು ಕಾರಣ.

ಹಾಗಾಗಿ ವರ್ಷದ ಭಾರವೆಲ್ಲ ಸೀಸನ್ನಿನ ಕೆಲವೇ ದಿನಗಳ ಮೇಲೆ ಬೀಳುತ್ತದೆ. ಜತೆಗೆ ಡ್ರೈವರ್ ಸಮೇತ ಬಾಡಿಗೆಗೆ, ಡೀಸೆಲ್ ಖರ್ಚು ಸೇರಿದ್ದರೆ, ಜಿಎಸ್‌ಟಿ ನೋಂದಣಿ ಇರುವ ಮಾಲಕರು ಸಾಮಾನ್ಯವಾಗಿ 5 ಶೇಕಡಾ ತೆರಿಗೆ ಸೇರಿಸುತ್ತಾರೆ. ಗಡಿ ಟ್ಯಾಕ್ಸ್ ಇವೆಲ್ಲದರ ಮೇಲೆ. ಆದರೆ ಎಷ್ಟೋ ಸಲ ಅದರ ರಶೀದಿ ಬಾಡಿಗೆ ಹಿಡಿದವರ ಕೈಗೆ ಬರುವುದಿಲ್ಲ. "ಟ್ಯಾಕ್ಸ್ ಬೇರೆ" ಎಂದರೆ ಎಷ್ಟು ಎನ್ನುವುದು ಬಾಯಿಮಾತಿನ ಲೆಕ್ಕವಾಗಿ ಉಳಿಯುತ್ತದೆ. ಈಗ ಚೆಕ್‌ಪೋಸ್ಟ್ ಟ್ಯಾಕ್ಸನ್ನು ಕೇಂದ್ರ ಸಾರಿಗೆ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಮೊದಲೇ ಕಟ್ಟಬಹುದು, ಪಾವತಿಯ ಪ್ರತಿ ಸಿಗುತ್ತದೆ. ಅದನ್ನು ಕೇಳುವುದರಲ್ಲಿ ನಾಚಿಕೆ ಏನಿಲ್ಲ.

ಅಗ್ಗದ ದಾರಿಗಳು ಮತ್ತು ಇನ್ಶೂರೆನ್ಸ್

ಕಾನೂನಿನ ದಾರಿ ದುಬಾರಿಯಾದಷ್ಟೂ ಜನ ಪಕ್ಕದ ಕಾಲುದಾರಿ ಹಿಡಿಯುತ್ತಾರೆ. ನೆರೆಮನೆಯವರ ಬಿಳಿ ಬೋರ್ಡ್ ವ್ಯಾನಿಗೆ ದುಡ್ಡು ಕೊಟ್ಟು ಹೋಗುವುದು ಒಂದು. ಭಾನುವಾರ ಖಾಲಿ ನಿಂತ ಶಾಲೆಯ ಬಸ್ಸನ್ನು ಮದುವೆಗೆ ಕೇಳುವುದು ಇನ್ನೊಂದು. ಲೈನ್ ಬಸ್ಸನ್ನು ಒಂದು ದಿನ ರೂಟಿನಿಂದ ತೆಗೆಸಿ ದಿಬ್ಬಣಕ್ಕೆ ಕರೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಲೈನ್ ಬಸ್ಸಿಗೆ ತಾತ್ಕಾಲಿಕ ಅಥವಾ ಸ್ಪೆಷಲ್ ಪರ್ಮಿಟ್ ಮಾಡಿಸಿದರೆ ತಪ್ಪಿಲ್ಲ. ಜಾತ್ರೆ, ಧಾರ್ಮಿಕ ಕೂಟಗಳಂಥ ಸಂದರ್ಭಕ್ಕೆ ತಾತ್ಕಾಲಿಕ ಪರ್ಮಿಟ್ ಕೊಡಬಹುದು ಎಂದು 87ನೇ ಸೆಕ್ಷನ್ ಸ್ಪಷ್ಟವಾಗಿ ಹೇಳುತ್ತದೆ. ಮಾಡಿಸದೆ ಹೋದರೆ ಮಾತ್ರ ತೊಂದರೆ.

ಪರ್ಮಿಟ್ ಇಲ್ಲದೆ ಅಥವಾ ಪರ್ಮಿಟ್ಟಿಗೆ ವಿರುದ್ಧವಾಗಿ ಓಡಿಸಿದರೆ 192ಎ ಸೆಕ್ಷನ್ ಪ್ರಕಾರ 10,000 ರೂಪಾಯಿ ದಂಡ, ಜೈಲಿಗೂ ಅವಕಾಶವಿದೆ. ಈ ದಂಡ ಮಾಲಕರದ್ದು, ನಮಗೇನು ಅನ್ನಿಸಬಹುದು. ನಮಗೆ ಬರುವುದು ಅಪಘಾತವಾದಾಗ. ಪರ್ಮಿಟ್ ಇಲ್ಲದಿರುವುದು ಇನ್ಶೂರೆನ್ಸ್ ಷರತ್ತಿನ ಮೂಲಭೂತ ಉಲ್ಲಂಘನೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಕೇಸಿನಲ್ಲಿ ಕಂಪೆನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲಕನಿಂದ ವಸೂಲಿ ಮಾಡಬೇಕು ಎಂದಾಯಿತು. ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸಿದ್ದು ಸಾಬೀತಾದರೆ ಕಂಪೆನಿ ಕೈ ಎತ್ತಲು ನೋಡುತ್ತದೆ, ಗಾಯಗೊಂಡವರು ವರ್ಷಗಟ್ಟಲೆ ಕೋರ್ಟು ಅಲೆಯಬೇಕು. 2024ರ ಡಿಸೆಂಬರಿನಲ್ಲಿ ಆಲಪ್ಪುಳದಲ್ಲಿ ಬಾಡಿಗೆಗೆ ಪಡೆದ ಖಾಸಗಿ ಕಾರು ಕೆಎಸ್ಸಾರ್ಟಿಸಿ ಬಸ್ಸಿಗೆ ಬಡಿದು ವೈದ್ಯಕೀಯ ವಿದ್ಯಾರ್ಥಿಗಳು ಸತ್ತ ಮೇಲೆ ಕೇರಳ ಈ ವಿಷಯದಲ್ಲಿ ಬಿಗಿಯಾಗಿದೆ.

ಇನ್ನೊಂದು ಜಾಗದಲ್ಲಿ ನಾವೇ ತಪ್ಪುವುದು. 29 ಸೀಟಿನ ಬಸ್ಸಿಗೆ 40 ಜನ. "ಮಕ್ಕಳಲ್ವಾ, ಮಡಿಲಲ್ಲಿ ಕೂತ್ಕೊಳ್ತಾರೆ" ಎಂದು ಹೇಳುವುದು ಬಸ್ಸಿನವರಲ್ಲ, ಮದುವೆ ಮನೆಯವರು. ಹೆಚ್ಚುವರಿ ತಲೆಗೆ 200 ರೂಪಾಯಿ ದಂಡ ದೊಡ್ಡದಲ್ಲ. ಆದರೆ ಪಾಲಿಸಿಯಲ್ಲಿ ಎಷ್ಟು ಜನರಿಗೆ ರಕ್ಷಣೆ ಇದೆಯೋ ಅಷ್ಟರ ಮಟ್ಟಿಗೆ ಮಾತ್ರ ಕಂಪೆನಿಯ ಹೊಣೆ ಎಂದು ಸುಪ್ರೀಂ ಕೋರ್ಟ್ 2007ರಲ್ಲೇ ಹೇಳಿದೆ. ಅಪಘಾತದಲ್ಲಿ 40 ಜನಕ್ಕೆ ಪೆಟ್ಟಾದರೆ ಕಂಪೆನಿ ಕೊಡುವುದು 29 ಜನರ ಲೆಕ್ಕದ ಹಣ.

ಇಳಿಜಾರು ಮತ್ತು ನಿದ್ದೆ

2021ರ ಜನವರಿ 3ರಂದು ಈಶ್ವರಮಂಗಲ ಕಡೆಯಿಂದ ಕರಿಕೆಗೆ ಹೊರಟ ದಿಬ್ಬಣದ ಬಸ್ಸು ಪಾಣತ್ತೂರಿನ ಹತ್ತಿರ ಪರಿಯಾರದ ಇಳಿಜಾರಿನಲ್ಲಿ ನಿಯಂತ್ರಣ ತಪ್ಪಿ ಮನೆಯೊಂದರ ಮೇಲೆ ಉರುಳಿತು. 7 ಮಂದಿ ಪ್ರಾಣ ಕಳೆದುಕೊಂಡರು. ಮೇಲೆ ಹೇಳಿದ ಕರ್ನಾಟಕ–ಕೇರಳ–ಕರ್ನಾಟಕ ದಾರಿ ಇದೇ. ಇಂಥ ರಸ್ತೆಗೆ ದೊಡ್ಡ ಬಸ್ಸಿಗಿಂತ ಎರಡು ಟೆಂಪೋ ಟ್ರಾವೆಲರ್ ಒಳ್ಳೆಯದು ಎಂದು ಆ ಕಡೆಯ ಡ್ರೈವರುಗಳು ಹೇಳುತ್ತಾರೆ. ಆದರೆ ಟ್ಯಾಕ್ಸ್, ಬಾಟಾ ಎಲ್ಲ ಎರಡೆರಡು ಆಗುತ್ತದೆ ಎಂದು ಬಾಡಿಗೆ ಹಿಡಿಯುವವರು ಒಂದೇ ದೊಡ್ಡ ಬಸ್ಸು ಕೇಳುತ್ತಾರೆ. ತೆರಿಗೆಯ ಲೆಕ್ಕ ಸುರಕ್ಷತೆಯ ಲೆಕ್ಕವನ್ನು ತಿರುಚುವುದು ಹೀಗೆ.

ಡ್ರೈವರಿನ ನಿದ್ದೆಯದ್ದೂ ಇದೇ ಕಥೆ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎನ್ನುತ್ತಿತ್ತು. ದೂರದ ಓಟಕ್ಕೆ 10 ಗಂಟೆಯವರೆಗೆ ಸಡಿಲಿಕೆ ಇತ್ತು. ಬೆಳಗಿನ ಜಾವ ನಾಲ್ಕಕ್ಕೆ ಕುಂಬಳೆ ಬಿಟ್ಟು ಕೊಲ್ಲೂರು, ಶೃಂಗೇರಿ, ಹೊರನಾಡು ಮುಗಿಸಿ ಮಧ್ಯರಾತ್ರಿ ಮನೆ ಸೇರುವ "ಒಂದೇ ದಿನದ" ಟ್ರಿಪ್ ಒಬ್ಬ ಡ್ರೈವರಿನಿಂದ ಆ ಮಿತಿಯೊಳಗೆ ಆಗುವುದೇ ಇಲ್ಲ. ಎರಡನೇ ಡ್ರೈವರಿಗೆ ಬಾಟಾ ಕೊಡುವುದಕ್ಕೆ ಯಾರೂ ಒಪ್ಪುವುದಿಲ್ಲ, ಆದರೆ ಪಟ್ಟಿಗೆ ಇನ್ನೊಂದು ದೇವಸ್ಥಾನ ಸೇರಿಸಲು ಎಲ್ಲರೂ ಒಪ್ಪುತ್ತಾರೆ.

ಶಾಲೆಗಳಿಗೆ ಈ ಸ್ವಾತಂತ್ರ್ಯ ಈಗ ಇಲ್ಲ. 2022ರ ಅಕ್ಟೋಬರ್ 5ರ ರಾತ್ರಿ ಪಾಲಕ್ಕಾಡ್ ಜಿಲ್ಲೆಯ ವಡಕ್ಕಂಚೇರಿಯಲ್ಲಿ ಊಟಿಗೆ ಹೊರಟ ಶಾಲಾ ಪ್ರವಾಸದ ಬಸ್ಸು ಕೆಎಸ್ಸಾರ್ಟಿಸಿ ಬಸ್ಸಿನ ಹಿಂದಕ್ಕೆ ಗುದ್ದಿ 9 ಮಂದಿ ಸತ್ತರು. ಬಸ್ಸಿನ ವೇಗ ಗಂಟೆಗೆ 97 ಕಿಲೋಮೀಟರ್ ದಾಟಿತ್ತು ಎಂದು ತಿಳಿದುಬಂತು. ಟೂರಿಸ್ಟ್ ಬಸ್ಸುಗಳಿಗೆಲ್ಲ ಒಂದೇ ಬಿಳಿ ಬಣ್ಣ ಕಡ್ಡಾಯವನ್ನು ಕೇರಳ ಬಿಗಿಮಾಡಿದ್ದು ಆಗಲೇ. ರಾತ್ರಿ ಪ್ರಯಾಣ ಬೇಡ, ಬಸ್ಸಿನ ವಿವರವನ್ನು ಆರ್‌ಟಿಒ ಕಚೇರಿಗೆ ಮೊದಲೇ ಕೊಡಬೇಕು ಎನ್ನುವ ಸೂಚನೆಗಳನ್ನು ಶಾಲೆಗಳು ಪಾಲಿಸಬೇಕು. ಮದುವೆ ಮನೆಗೆ, ಭಜನಾ ಮಂಡಳಿಗೆ ಇಂಥ ಕಟ್ಟುಪಾಡಿಲ್ಲ.

ಮುಂದೆ ಏನಾಗಬಹುದು

ಕೇಂದ್ರ ಮತ್ತು ರಾಜ್ಯಗಳ ನಡುವಿನ ದೊಡ್ಡ ಪ್ರಶ್ನೆ ಬೇಗ ಬಗೆಹರಿಯುವ ಲಕ್ಷಣವಿಲ್ಲ. ತೆರಿಗೆ ಬಿಟ್ಟುಕೊಡುವ ರಾಜ್ಯ ಯಾವುದೂ ಇಲ್ಲ. ಅಲ್ಲಿಯವರೆಗೆ ಬಾಡಿಗೆಯ ಮಾತಿನಲ್ಲಿ ಗಡಿ ಟ್ಯಾಕ್ಸ್ ಇದ್ದೇ ಇರುತ್ತದೆ ಎಂದೇ ಲೆಕ್ಕ ಹಾಕಬೇಕು. ತಪಾಸಣೆ ಬಿಗಿಯಾದಂತೆ ಸಣ್ಣ ಮಾಲಕರು ಗಡಿ ದಾಟುವ ಬಾಡಿಗೆಯನ್ನೇ ಬಿಡಬಹುದು. ಆಗ ಉಳಿಯುವುದು ಆಲ್ ಇಂಡಿಯಾ ಪರ್ಮಿಟ್ ಇರುವ ದೊಡ್ಡವರು, ಅವರ ದರ. ಕೆಲವರು ತಲಪಾಡಿಯವರೆಗೆ ಕೆಎಲ್ ನಂಬರಿನ ಬಸ್ಸು, ಅಲ್ಲಿಂದ ಕೆಎ ನಂಬರಿನ ಬಸ್ಸು ಎಂದು ಮಾಡಬಹುದು. ಮದುಮಗಳ ಕಡೆಯವರು ತಟ್ಟೆ, ಹೂವು, ಅಜ್ಜಿಯರನ್ನು ಹಿಡಿದು ಹೆದ್ದಾರಿ ಬದಿಯಲ್ಲಿ ಬಸ್ಸು ಬದಲಿಸುವುದು ಅಷ್ಟು ಸುಲಭವಲ್ಲ.

ನನಗೆ ಕಾಣುವಂತೆ ಸಣ್ಣ ಪ್ರಶ್ನೆಗೆ ಮಾತ್ರ ಬೇಗ ಉತ್ತರ ಸಾಧ್ಯ. ಎರಡು ರಾಜ್ಯಗಳು ಪರಸ್ಪರ ಒಪ್ಪಂದ ಮಾಡಿಕೊಳ್ಳಲು 88ನೇ ಸೆಕ್ಷನ್ನಿನಲ್ಲೇ ಜಾಗವಿದೆ. ಕಾಸರಗೋಡು–ಮಂಗಳೂರು ನಡುವೆ ಎರಡೂ ಸರ್ಕಾರಿ ಬಸ್ಸುಗಳು ದಿನವಿಡೀ ಓಡುತ್ತಿರುವುದು ಇಂಥ ಒಪ್ಪಂದದಿಂದಲೇ. ಗಡಿಯಿಂದ ಇಷ್ಟು ಕಿಲೋಮೀಟರಿನೊಳಗೆ ಹೋಗಿ ಅದೇ ದಿನ ವಾಪಸು ಬರುವ ಬಾಡಿಗೆ ಬಸ್ಸಿಗೆ ಸಣ್ಣ ಮೊತ್ತದ ದಿನದ ಟ್ಯಾಕ್ಸ್ ಇಟ್ಟರೆ ಯಾವ ರಾಜ್ಯದ ಖಜಾನೆಯೂ ಬರಿದಾಗುವುದಿಲ್ಲ. ನಾಗಾಲ್ಯಾಂಡ್ ನಂಬರಿನ ಸ್ಲೀಪರ್ ಬಸ್ಸಿಗೂ ಪೈವಳಿಕೆಯ ದಿಬ್ಬಣಕ್ಕೂ ಒಂದೇ ಬಲೆ ಬೀಸುವ ಅಗತ್ಯ ಇರುವುದಿಲ್ಲ. ಕೇಳಬೇಕಾದವರು ಎರಡೂ ಕಡೆಯ ಶಾಸಕರು. ಗಡಿ ಊರಿನ ಮತ ಎರಡೂ ರಾಜಧಾನಿಗಳಿಗೆ ದೂರ ಎನ್ನುವುದು ಅಡ್ಡಿ.

ಅಷ್ಟರವರೆಗೆ, ಅಡ್ವಾನ್ಸ್ ಕೊಡುವ ಮೊದಲು ಬಸ್ಸಿನ ನಂಬರ್ ಕೇಳಿ ಪರಿವಾಹನ್ ಆ್ಯಪಿನಲ್ಲಿ ಹಾಕಿ ನೋಡಿ. ಫಿಟ್‌ನೆಸ್, ಇನ್ಶೂರೆನ್ಸ್, ಪರ್ಮಿಟ್ಟಿನ ದಿನಾಂಕಗಳು ಕಾಣುತ್ತವೆ. ಯಾವ ಪರ್ಮಿಟ್, ಗಡಿ ಟ್ಯಾಕ್ಸ್ ಯಾರು ಕಟ್ಟುವುದು, ತಡೆದು ದಂಡ ಹಾಕಿದರೆ ಯಾರದ್ದು, ಬಸ್ಸನ್ನು ಅಲ್ಲೇ ನಿಲ್ಲಿಸಿದರೆ ಬದಲಿ ಬಸ್ಸು ಯಾರು ತರುವುದು, ಎರಡನೇ ಡ್ರೈವರ್ ಇದ್ದಾರೋ ಇಲ್ಲವೋ, ಇಷ್ಟನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಆಲ್ ಇಂಡಿಯಾ ಪರ್ಮಿಟ್ಟಿನ ಬಸ್ಸಿನಲ್ಲಿ ಪ್ರಯಾಣಿಕರ ಪಟ್ಟಿ ಇರಬೇಕು, ಎಲ್ಲಿಂದ ಎಲ್ಲಿಗೆ ಎನ್ನುವುದೂ ಅದರಲ್ಲಿ ಬರಬೇಕು. ದಿಬ್ಬಣಕ್ಕೆ ಕೊನೇ ಗಳಿಗೆಯಲ್ಲಿ ಯಾರ್ಯಾರು ಹತ್ತುತ್ತಾರೆ ಎಂದು ಮನೆಯವರಿಗೇ ಗೊತ್ತಿರುವುದಿಲ್ಲ, ನಿಜ. ಆದರೂ ಹಿಂದಿನ ರಾತ್ರಿ ಕೂತು ಬರೆದ ಒಂದು ಪಟ್ಟಿ ಡ್ರೈವರಿನ ಕೈಯಲ್ಲಿದ್ದರೆ ಚೆಕ್‌ಪೋಸ್ಟಿನಲ್ಲಿ ಮುಹೂರ್ತ ಮೀರುವ ಭಯ ಕಮ್ಮಿ.